ಅತ್ತೆಯ ಆಮೆನ್

ಮೊನ್ನೆ ಸೊಸೆ ನನ್ನ ಮಂಡಿಗೆ ಹಚ್ಚಲೆಂದು ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಿಕೊಂಡು ಬಂದಳು. ಡಾಕ್ಟರು ಬರೆದುಕೊಟ್ಟ ಮುಲಾಮುಗಳು ಯಾವುವೂ ನಾಟದೆ, ಕೊನೆಗೆ ಪಕ್ಕದ ಮನೆಯವರು ಹೇಳಿಕೊಟ್ಟ ಮದ್ದು ಅದು. ಬಟ್ಟಲು ಹತ್ತಿರ ಬಂದ ಕೂಡಲೇ ಆ ವಾಸನೆ ಮೂಗಿಗೆ ಬಡಿಯಿತು. "ಬೇಡ, ತಗೊಂಡು ಹೋಗು" ಎಂದು ಗದರಿಬಿಟ್ಟೆ. ಪಾಪ, ಅವಳಿಗೆ ಬೇಜಾರಾಯಿತು. ತೊಂಬತ್ತರ ಹತ್ತಿರ ಬಂದ ಮುದುಕಿಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಆ ಎಣ್ಣೆಯನ್ನು ನನ್ನ ಮಂಡಿಗೆ ಮೊದಲು ಹಚ್ಚಿದವಳು ನನ್ನ ಅತ್ತೆ, ಅಪ್ಪನ ತಂಗಿ. ಆಗ ನನ್ನದು ಮಂಡಿ ನೋಯುವ ವಯಸ್ಸೇ ಅಲ್ಲ…

ನಮ್ಮ ಮನೆ ಇದ್ದದ್ದು ನರಸಿಂಹರಾಜಪುರದಲ್ಲಿ. ಹಳಬರು ಆಗಲೂ ಎಡೇಹಳ್ಳಿ ಎಂದೇ ಕರೆಯುತ್ತಿದ್ದರು. ಅಪ್ಪ ಅಲ್ಲಿನ ಮರದ ಡಿಪೋದಲ್ಲಿ ರೈಟರ್. ತರೀಕೆರೆಗೆ ಹೋಗುವ ಪುಟ್ಟ ರೈಲಿಗೆ ದಿಮ್ಮಿ ಹೇರಿಸುವುದು ಅವನ ಕೆಲಸ. ಘಟ್ಟದ ಕೆಳಗಿನಿಂದ ಬಂದ ನಮ್ಮಂಥ ಕ್ರೈಸ್ತರ ಮನೆಗಳು ಊರಲ್ಲಿ ಬೆರಳೆಣಿಕೆಯಷ್ಟು. ನಮ್ಮ ಸಭೆಯ ದೇವಾಲಯ ಹತ್ತಿರದಲ್ಲೆಲ್ಲೂ ಇರಲಿಲ್ಲ. ಪಾದ್ರಿಗಳು, ನಾವು ಅಯ್ಯನವರು ಎನ್ನುತ್ತಿದ್ದೆವು, ಯಾವಾಗಲೋ ಒಮ್ಮೆ ಬಂದು ಎಲ್ಲರಿಗೂ ಸಂಸ್ಕಾರ ಕೊಟ್ಟು ಹೋಗುವರು. ಹಾಗಾಗಿ ಮನೆಯೇ ದೇವಾಲಯ, ಅಪ್ಪನೇ ಪಾದ್ರಿ. ದಿನಾ ದೀಪ ಹಚ್ಚುವ ಹೊತ್ತಿಗೆ ಮನೆಮಂದಿಯೆಲ್ಲ ನಡುಮನೆಯ ಈಚಲು ಚಾಪೆಯ ಮೇಲೆ ಸೇರಬೇಕು. ಭಾನುವಾರ ಬೆಳಿಗ್ಗೆ ದೊಡ್ಡ ಪ್ರಾರ್ಥನೆ, ಅದಕ್ಕೆ ಹೊರಗಿನವರೂ ಬರಬಹುದು.

ಮೊದಲು ಗೀತೆ. ಅಪ್ಪನಿಗೆ ರಾಗದ ಗಂಧವಿರಲಿಲ್ಲ, ರಾಗ ಎತ್ತುವವಳು ಅತ್ತೆ. ಆಮೇಲೆ ಸತ್ಯವೇದದ ಒಂದು ಅಧ್ಯಾಯ. ಕೊನೆಗೆ ಎಲ್ಲರೂ ಮಂಡಿಯೂರಿ ಕಣ್ಣು ಮುಚ್ಚಿದ ಮೇಲೆ ಅಪ್ಪನ ಪ್ರಾರ್ಥನೆ. ಊರವರು ಅಪ್ಪನನ್ನು ಹೊಗಳುತ್ತಿದ್ದರು. "ನಿಮ್ಮ ಮನೇಲಿ ಒಂದು ದಿನ ಏರಿದ ದನಿ ಕೇಳಿಲ್ಲ ಮಾರಾಯ್ರೆ" ಎನ್ನುತ್ತಿದ್ದರು. ನಿಜ, ಅಪ್ಪ ಯಾರನ್ನೂ ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಎಲ್ಲವನ್ನೂ ದೇವರಿಗೆ ಹೇಳುತ್ತಿದ್ದ.

"ಕರ್ತನೇ, ಈ ಮನೆಯ ಸ್ತ್ರೀಯರಿಗೆ ಎಚ್ಚರಿಕೆಯುಳ್ಳ ಹೃದಯವನ್ನು ದಯಪಾಲಿಸು. ಇಂದು ಬೆಳಿಗ್ಗೆ ಹಾಲು ಉಕ್ಕಿ ಒಲೆಯ ಪಾಲಾದುದನ್ನು ನೀನು ಬಲ್ಲೆ." ಇದು ಅಮ್ಮನಿಗೆ. "ಸುಳ್ಳಾಡುವ ನಾಲಿಗೆಯನ್ನು ಎಳೆಯ ವಯಸ್ಸಿನಲ್ಲೇ ಕಟ್ಟಿಹಾಕು." ಇದು ಬೆಲ್ಲ ಕದ್ದ ತಮ್ಮನಿಗೆ. ಬೆಳಗಿನಿಂದ ಮುಗುಳ್ನಗುತ್ತಾ ಓಡಾಡಿಕೊಂಡಿದ್ದ ಅಪ್ಪನ ಹೊಟ್ಟೆಯೊಳಗೆ ಏನಿತ್ತೆಂದು ನಮಗೆ ಗೊತ್ತಾಗುತ್ತಿದ್ದದ್ದು ಸಂಜೆಗೇ. ಅವನು ಮಾತಾಡುತ್ತಿದ್ದದ್ದು ದೇವರ ಹತ್ತಿರ, ನಡುವೆ ಬಾಯಿ ಹಾಕುವ ಹಾಗಿಲ್ಲ. ಹೊಡೆಸಿಕೊಂಡವರು ಓಡಿಹೋಗಬಹುದು, ಮಂಡಿಯೂರಿದವರು ಎಲ್ಲಿಗೆ ಹೋಗಬೇಕು?

ಇನ್ನೊಂದು ನಿಯಮವಿತ್ತು. ಪ್ರಾರ್ಥನೆ ಮುಗಿದಾಗ ಒಬ್ಬೊಬ್ಬರೂ ಬೇರೆ ಬೇರೆಯಾಗಿ, ಮೊದಲು ಮನೆಯ ದೊಡ್ಡವರು, ಆಮೇಲೆ ಹೊರಗಿನಿಂದ ಬಂದವರು, ಕೊನೆಗೆ ಮಕ್ಕಳು, ಆಮೆನ್ ಹೇಳಬೇಕು. ಕೊನೆಯವರು ಹೇಳುವ ತನಕ ಯಾರೂ ಏಳುವ ಹಾಗಿಲ್ಲ. "ಹಾಗೆಯೇ ಆಗಲಿ ಅಂತ ದೇವರ ಎದುರಿಗೆ ಒಪ್ಪಿಕೊಂಡ ಮಾತು ಅದು. ಆಮೇಲೆ ಹಿಂದಕ್ಕೆ ತಗೊಳ್ಳೋ ಹಾಗಿಲ್ಲ" ಎಂದು ಅಪ್ಪ ನಮಗೆ ಕಲಿಸಿದ್ದ. ಒಮ್ಮೆ ಬಂದಿದ್ದ ಅಯ್ಯನವರು ಈ ಪದ್ಧತಿಯನ್ನು ತುಂಬಾ ಮೆಚ್ಚಿಕೊಂಡು, ಉಳಿದ ಮನೆಗಳಲ್ಲೂ ಹೇಳುತ್ತೇನೆ ಎಂದು ಹೋದರು.

ಅತ್ತೆ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದಾಗ ಇನ್ನೂ ಹುಡುಗಿ. ಮದುವೆಯಾದ ವರ್ಷವೇ ಗಂಡ ಮಲೆನಾಡಿನ ಚಳಿಜ್ವರಕ್ಕೆ ಹೋಗಿದ್ದ. ಅಮ್ಮ ಸದಾ ಬಸುರಿ ಇಲ್ಲವೇ ಬಾಣಂತಿ, ಅದರ ನಡುವೆ ಜ್ವರ. ಮನೆ ನಡೆಯುತ್ತಿದ್ದದ್ದು ಅತ್ತೆಯಿಂದ. ನೀರು ಸೇದುವುದು, ಒಲೆ ಹಚ್ಚುವುದು, ಅಕ್ಕಿ ಬೀಸುವುದು, ನಮ್ಮ ತಲೆ ಬಾಚುವುದು, ಎಲ್ಲ ಅವಳದೇ. ಆದರೂ ಅವಳು ಸಪ್ಪೆ ಮುಖದವಳಲ್ಲ. ಅಪ್ಪನ ಪ್ರಾರ್ಥನೆ ಮುಗಿದು ಅಡಿಗೆಮನೆಗೆ ಬಂದ ಮೇಲೆ ಅವನ ದನಿಯನ್ನೇ ಅಣಕಿಸಿ, "ಕರ್ತನೇ, ಈ ಬದನೆಕಾಯಿಗೆ ಬೇಯುವ ಹೃದಯವನ್ನು ದಯಪಾಲಿಸು" ಎಂದು ನಮ್ಮನ್ನು ನಗಿಸುತ್ತಿದ್ದಳು. ಅಮ್ಮ ಹೆದರಿ ಬಾಗಿಲ ಕಡೆ ನೋಡುತ್ತಿದ್ದಳು. ಚಾಪೆಯ ಗೀರು ಮೂಡಿದ ನಮ್ಮ ಮಂಡಿಗಳಿಗೆ ಅತ್ತೆ ಕರ್ಪೂರದ ಎಣ್ಣೆ ತಿಕ್ಕುತ್ತಿದ್ದಳು.

ಹೀಗಿರುವಾಗ ಊರಿನ ಸರ್ಕಾರಿ ಆಸ್ಪತ್ರೆಗೆ ಒಬ್ಬರು ಕಂಪೌಂಡರು ಬಂದರು. ನಮ್ಮ ಸಭೆಯವರೇ. ಭಾನುವಾರದ ಪ್ರಾರ್ಥನೆಗೆ ನಮ್ಮ ಮನೆಗೆ ಬರತೊಡಗಿದರು. ಮೂವತ್ತು ದಾಟಿದ್ದರೂ ಮದುವೆಯಾಗಿರಲಿಲ್ಲ. ಮಾತು ಕಡಿಮೆ, ಕೈಯಲ್ಲಿ ಯಾವಾಗಲೂ ಮದ್ದಿನ ವಾಸನೆ. ಅತ್ತೆ ರಾಗ ಎತ್ತಿದರೆ ಅವರು ಕೆಳಗಿನ ದನಿಯಲ್ಲಿ ಸೇರಿಕೊಳ್ಳುತ್ತಿದ್ದರು. ಅದಕ್ಕೆ ಮೊದಲು ನಮ್ಮ ಮನೆಯ ಗೀತೆಗಳೆಲ್ಲ ಶಿಕ್ಷೆಯ ಹಾಗಿದ್ದವು, ಆಮೇಲೆ ಭಾನುವಾರ ಯಾವಾಗ ಬರುತ್ತದೆ ಎಂದು ನಾನೂ ಕಾಯುವಂತಾಯಿತು. ಅತ್ತೆ ಶನಿವಾರವೇ ಸೀರೆ ಒಗೆದು ಮಡಿಸಿ, ತಲೆದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಿದ್ದಳು. ಅವರಿಬ್ಬರೂ ನೇರವಾಗಿ ಆಡಿದ ಮಾತು ಹಿಡಿಯಷ್ಟೂ ಇರಲಿಕ್ಕಿಲ್ಲ. ಆದರೂ ಮನೆಯಲ್ಲಿ ಎಲ್ಲರಿಗೂ ತಿಳಿದಿತ್ತು.

ಒಂದು ಭಾನುವಾರ ಕಂಪೌಂಡರು ಜಗಲಿಯಲ್ಲಿ ಅಪ್ಪನನ್ನು ಕೇಳಿಯೇಬಿಟ್ಟರು. "ನಿಮ್ಮ ತಂಗಿಯನ್ನ ನನಗೆ ಕೊಟ್ಟರೆ ಚೆನ್ನಾಗಿ ನೋಡ್ಕೊಳ್ತೇನೆ" ಎಂದರು. ನಮ್ಮಲ್ಲಿ ವಿಧವೆ ಮತ್ತೆ ಮದುವೆಯಾಗುವುದಕ್ಕೆ ಅಡ್ಡಿಯಿರಲಿಲ್ಲ. ಅಪ್ಪ ಬೇಡ ಎನ್ನಲಿಲ್ಲ. ಅವರ ಹೆಗಲ ಮೇಲೆ ಕೈಯಿಟ್ಟು, "ಪ್ರಾರ್ಥನೆ ಮಾಡೋಣ ಕಂಪೌಂಡರೇ, ದೇವರ ಚಿತ್ತ ಹ್ಯಾಗಿದ್ಯೋ ಹಾಗೆ" ಎಂದ. ಅವರು ಸಂತೋಷದಿಂದ ಹೋದರು. ಪ್ರಾರ್ಥನೆ ಎಂದರೆ ಪ್ರಾರ್ಥನೆಯೇ ಎಂದು ನಂಬಿದ ಮನುಷ್ಯ.

ಅಪ್ಪನ ಅಡ್ಡಿ ಏನೆಂದು ಅಮ್ಮನಿಗೆ ಗೊತ್ತಿತ್ತು, ಎಷ್ಟೋ ವರ್ಷದ ಮೇಲೆ ನನಗೆ ಹೇಳಿದಳು. ಒಂದು, ಅತ್ತೆ ಹೋದರೆ ಮನೆಯ ಕೆಲಸಕ್ಕೆ ಗತಿಯಿಲ್ಲ. ಇನ್ನೊಂದು, ಕಂಪೌಂಡರ ಅಜ್ಜ ಕ್ರೈಸ್ತನಾಗುವ ಮೊದಲು ಯಾವ ಕೇರಿಯಲ್ಲಿದ್ದ ಎಂಬುದು. ಕ್ರಿಸ್ತನಲ್ಲಿ ಎಲ್ಲರೂ ಒಂದೇ ಎಂದು ಅಪ್ಪ ವಾರವಾರ ಹೇಳುತ್ತಿದ್ದ, ಹಾಗೆ ಹೇಳುವುದಕ್ಕೆ ಅವನಿಗೇನೂ ಖರ್ಚಿರಲಿಲ್ಲ. ತಂಗಿಯನ್ನು ಕೊಡಬೇಕಾಗಿ ಬಂದಾಗ ಮಾತ್ರ ಅಜ್ಜನ ಕೇರಿ ನೆನಪಾಯಿತು. ಆದರೆ ಈ ಎರಡರಲ್ಲಿ ಒಂದನ್ನೂ ಬಾಯಿಬಿಟ್ಟು ಹೇಳುವಷ್ಟು ಪ್ರಾಮಾಣಿಕತೆ ಅವನಲ್ಲಿರಲಿಲ್ಲ.

ಅಂದಿನಿಂದ ಸಂಜೆಯ ಪ್ರಾರ್ಥನೆ ಉದ್ದವಾಯಿತು. ವಿಧವೆಯರ ವಿಷಯ ಬರುವ ಅಧ್ಯಾಯವನ್ನೇ ಅಪ್ಪ ಮತ್ತೆ ಮತ್ತೆ ತೆಗೆಸಿದ, ಅದನ್ನು ಅತ್ತೆಯ ಬಾಯಲ್ಲೇ ಓದಿಸಿದ. "ಕರ್ತನೇ, ಶರೀರದ ಆಶೆ ನಿನ್ನ ಮಗಳನ್ನು ಹೇಗೆ ಪೀಡಿಸುತ್ತಿದೆ ನೋಡು" ಎಂದು ಮಕ್ಕಳಾದ ನಮ್ಮ ಎದುರಿಗೇ ಹೇಳುತ್ತಿದ್ದ. ನಮಗೆ ಅರ್ಥವಾಗುತ್ತಿರಲಿಲ್ಲ. ಆದರೆ ಅತ್ತೆಯ ಕಿವಿ ಕೆಂಪಾಗುವುದನ್ನು ನಾನು ಕಣ್ಣಿನ ಸಂದಿಯಿಂದ ನೋಡುತ್ತಿದ್ದೆ. ಒಂದೊಂದು ಸಂಜೆ ಒಂದೊಂದು ಮಾತು. ಅವಳು ನಕ್ಕದ್ದು ಹೆಚ್ಚಾಯಿತು, ಬಾವಿಕಟ್ಟೆಯಲ್ಲಿ ನಿಂತದ್ದು ಹೆಚ್ಚಾಯಿತು, ಸೀರೆಯನ್ನು ದಿಂಬಿನ ಕೆಳಗೆ ಇಟ್ಟದ್ದು ಕೂಡ ದೇವರಿಗೆ ಹೋಯಿತು. ಪ್ರತಿಸಲ ಕೊನೆಗೆ ನಿನ್ನ ಚಿತ್ತವೇ ಆಗಲಿ ಎನ್ನುವನು. ಅಷ್ಟಕ್ಕೆ ಅತ್ತೆ ಆಮೆನ್ ಎನ್ನುವಳು. ದೇವರ ಚಿತ್ತಕ್ಕೆ ಬೇಡ ಎನ್ನುವವಳಲ್ಲ ಅವಳು. ಆದರೆ ಅಡಿಗೆಮನೆಯಲ್ಲಿ ಅಣಕಿಸುವುದು ನಿಂತಿತು.

ಹೀಗೆ ಕೆಲವು ವಾರ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆಯೇ ನನಗೆ ಚಳಿ ಶುರುವಾಗಿತ್ತು. ಕಂಬಳಿ ಹೊದ್ದು ಮಲಗಿದ್ದೆ. "ಅವಳು ಮಲಗಿರ್ಲಿ" ಎಂದು ಅಮ್ಮ ಹೇಳಿದ್ದಕ್ಕೆ, "ದೇವರ ಸನ್ನಿಧಿಗಿಂತ ಒಳ್ಳೇ ಹಾಸಿಗೆ ಯಾವುದಿದೆ?" ಎಂದು ಅಪ್ಪ ನಗುತ್ತಾ ನನ್ನನ್ನು ಎಬ್ಬಿಸಿದ. ಅಮ್ಮನಿಗೂ ಅತ್ತೆಗೂ ನಡುವೆ ಚಾಪೆಯ ತುದಿಯಲ್ಲಿ ಕೂತೆ. ಕಂಪೌಂಡರು ಆಚೆ ತುದಿಯಲ್ಲಿ, ಅಪ್ಪನ ಪಕ್ಕ. ಅವತ್ತು ಗೀತೆ ಚೆನ್ನಾಗಿಯೇ ಬಂತು. ಆಮೇಲೆ ಮಂಡಿಯೂರಿದೆವು.

ಅಪ್ಪನ ದನಿ ಅವತ್ತು ಬಹಳ ಮೆತ್ತಗಿತ್ತು. "ಕರ್ತನೇ, ಇಷ್ಟು ದಿನ ನಾವು ನಿನ್ನ ಚಿತ್ತವನ್ನು ಬೇಡಿದೆವು. ಈ ಸಹೋದರನೂ ನಿನ್ನ ಸನ್ನಿಧಿಯಲ್ಲಿದ್ದಾನೆ. ನಿನ್ನ ಮಗಳು ಈ ವಿವಾಹದ ಯೋಚನೆಯನ್ನು ಈ ದಿನ ತನ್ನ ಸ್ವಂತ ಮನಸ್ಸಿನಿಂದ ನಿನ್ನ ಪಾದದಲ್ಲಿ ಬಿಟ್ಟುಬಿಡುತ್ತಾಳೆ. ಅವಳ ಬಾಯಿಂದಲೇ ಅದನ್ನು ಕೇಳಿ ಅಂಗೀಕರಿಸು. ಆಮೆನ್."

ಅಮ್ಮ ಆಮೆನ್ ಎಂದಳು. ಮುಂದಿನ ಸರದಿ ಅತ್ತೆಯದು.

ಅತ್ತೆ ಸುಮ್ಮನಿದ್ದಳು. ಅವಳ ಉಸಿರು ನನಗೆ ಕೇಳುತ್ತಿತ್ತು. ಯಾರೂ ಕದಲಲಿಲ್ಲ. ಒಲೆಯ ಮೇಲೆ ಅನ್ನ ತಳ ಹಿಡಿಯುವ ವಾಸನೆ ಬಂತು, ಏಳುವ ಹಾಗಿಲ್ಲ. "ಕಾಯೋಣ" ಎಂದ ಅಪ್ಪ, ಕಣ್ಣು ಮುಚ್ಚಿಕೊಂಡೇ. "ಕರ್ತನಿಗೆ ಅವಸರವಿಲ್ಲ." ತಮ್ಮ ಮುಲುಗತೊಡಗಿದ. ತುಂಬಿದ ಬಸುರಿಯಾಗಿದ್ದ ಅಮ್ಮ ಒಂದು ಕೈ ನೆಲಕ್ಕೆ ಊರಿಕೊಂಡು, "ಹೇಳಿಬಿಡೇ… ಹೇಳಿಬಿಡು ಮಾರಾಯ್ತಿ" ಎಂದು ಪಿಸುಗುಟ್ಟಿದಳು. ಆಗಲೂ ಅತ್ತೆ ಹೇಳಲಿಲ್ಲ. ಅವಳು ಗೆಲ್ಲುತ್ತಿದ್ದಳು. ಆ ಒಂದು ಮಾತು ಅವಳ ಬಾಯಲ್ಲಿರುವ ತನಕ ಅಪ್ಪನ ಪ್ರಾರ್ಥನೆ ಮುಗಿಯುವಂತಿರಲಿಲ್ಲ. ಇಷ್ಟೆಲ್ಲ ಆಗ ನನಗೆ ತಿಳಿಯಲಿಲ್ಲ. ನನಗೆ ಗೊತ್ತಿದ್ದದ್ದು ನನ್ನ ಚಳಿ ಮಾತ್ರ. ಮೈ ನಡುಗಿ ಹಲ್ಲು ಕಟಕಟ ಎನ್ನುತ್ತಿತ್ತು. ಮಂಡಿಯ ಕೆಳಗಿನ ನೆಲ ವಾಲಿದ ಹಾಗಾಯಿತು. ಅತ್ತೆಯ ಮೇಲೆ ಬಿದ್ದೆ.

ಅವಳ ಅಂಗೈ ನನ್ನ ಕತ್ತಿನ ಮೇಲೆ ಬಂತು. ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಅವಳು ಆಮೆನ್ ಎಂದಳು, ಸ್ಪಷ್ಟವಾಗಿ, ಎಲ್ಲರಿಗೂ ಕೇಳುವ ಹಾಗೆ.

ಅವಳಾದ ಮೇಲೆ ಕಂಪೌಂಡರ ಸರದಿ. ಅವರೂ ಆಮೆನ್ ಎಂದರು. ನಿಯಮ ನಿಯಮವೇ ತಾನೇ?

ಉಳಿದವರ ಸರದಿ ಹೇಗೆ ಮುಗಿಯಿತೋ ಗೊತ್ತಿಲ್ಲ. ಕಂಪೌಂಡರು ಏಳುವುದರೊಳಗೆ ಅತ್ತೆ ನನ್ನನ್ನು ಎತ್ತಿಕೊಂಡು ಒಳಗೆ ಹೋಗಿದ್ದಳು. ಅವರು ಕಾಫಿ ಕುಡಿಯದೆ ಹೊರಟರಂತೆ. ಅವಳು ಒದ್ದೆ ಬಟ್ಟೆ ಹಾಕಿದಳು, ಕಷಾಯ ಕುಡಿಸಿದಳು, ಮಂಡಿಗೆ ಎಣ್ಣೆ ತಿಕ್ಕಿದಳು. ಅವಳ ಮುಖದಲ್ಲಿ ಅಳು ಇರಲಿಲ್ಲ. ನನ್ನ ಬೆವರು ಒರೆಸುತ್ತಾ ಮೆಲ್ಲಗೆ, "ಅವರಿಗೆ ಗೊತ್ತಾಗಿರ್ತದೆ ಪುಟ್ಟಿ. ಅಷ್ಟು ದಡ್ಡರಲ್ಲ ಅವರು" ಎಂದಳು. ನನಗೆ ಹೇಳಿದ್ದೋ ತನಗೇ ಹೇಳಿಕೊಂಡದ್ದೋ… ಯಾರಿಗೆ, ಎಂತ ಗೊತ್ತಾಗಿರ್ತದೆ ಎಂದು ನಾನು ಕೇಳಲೂ ಇಲ್ಲ.

ಮುಂದಿನ ಭಾನುವಾರ ಅವಳು ಒಗೆದ ಸೀರೆ ಉಟ್ಟು ಕಾದಳು. ಅವರು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಅವರೇ ಕೇಳಿಕೊಂಡು ಕೊಪ್ಪದ ಆಸ್ಪತ್ರೆಗೆ ವರ್ಗ ಮಾಡಿಸಿಕೊಂಡರೆಂದು ಅಪ್ಪ ಊಟದ ಹೊತ್ತಿನಲ್ಲಿ ಹೇಳಿದ. ಆಮೇಲೆ ಅತ್ತೆ ಕೊಪ್ಪದ ಬಸ್ಸಿನ ಹೊತ್ತಿಗೆ ಏನಾದರೊಂದು ನೆವ ಮಾಡಿಕೊಂಡು ಜಗಲಿಗೆ ಬರುತ್ತಿದ್ದಳು. ಒಂದು ಮಳೆಗಾಲ ಕಳೆಯಿತು, ಇನ್ನೊಂದು ಕಳೆಯಿತು. ಅಪ್ಪನ ಪ್ರಾರ್ಥನೆ ಮತ್ತೆ ಹಾಲು, ಬೆಲ್ಲ, ಮಕ್ಕಳ ಮಗ್ಗಿಗೆ ಇಳಿಯಿತು. ಒಂದೊಂದು ಸಂಜೆ ಮಾತ್ರ ಈ ಮನೆಗೆ ಕೊಟ್ಟ ಸಮಾಧಾನಕ್ಕಾಗಿ ಸ್ತೋತ್ರ ಹೇಳುವನು. ಅತ್ತೆ ಅದಕ್ಕೂ ಆಮೆನ್ ಎನ್ನುವಳು.

ಯುದ್ಧದ ಕಾಲ ಬಂತು. ಕ್ವಿನೈನ್ ಸಿಗುವುದು ಕಷ್ಟವಾಯಿತು. ಅತ್ತೆಗೆ ಬಿಟ್ಟು ಬಿಟ್ಟು ಜ್ವರ ಬರುತ್ತಿತ್ತು, ಹೊಟ್ಟೆ ಗಟ್ಟಿಯಾಗಿ ಉಬ್ಬಿ, ಕಣ್ಣು ಹಳದಿಯಾಗಿತ್ತು. ನಮ್ಮೂರ ಆಸ್ಪತ್ರೆಯಲ್ಲಿ ಮದ್ದು ಮುಗಿದಿತ್ತು. ಕೊಪ್ಪದಲ್ಲಿ ಇದೆ ಎಂದು ಯಾರೋ ಹೇಳಿದ್ದಕ್ಕೆ ಅಪ್ಪ ಅವಳನ್ನು ಇದ್ದಿಲ ಗ್ಯಾಸಿನ ಬಸ್ಸಿನಲ್ಲಿ ಕರೆದುಕೊಂಡು ಹೊರಟ. ಹಿಡಿದುಕೊಳ್ಳಲು ನಾನು. ಆಗ ನನಗೆ ಹತ್ತು ವರ್ಷದ ಆಸುಪಾಸು. ಆಸ್ಪತ್ರೆಯಲ್ಲಿ ಅಪ್ಪ ಜಗಲಿಯಲ್ಲೇ ಪರಿಚಯದವರ ಜೊತೆ ಮಾತಿಗೆ ಕೂತ. ನಾವಿಬ್ಬರೂ ಒಳಗೆ ಹೋದೆವು.

ಮದ್ದು ಕೊಡುವ ಕಿಟಕಿಯಲ್ಲಿ ಅವರೇ ಇದ್ದರು. ತಲೆ ಅರ್ಧ ನೆರೆತಿತ್ತು. ಅತ್ತೆಯನ್ನು ನೋಡಿ ಒಂದು ಕ್ಷಣ ಗುರುತೇ ಸಿಗಲಿಲ್ಲ. ಗುರುತು ಸಿಕ್ಕಿದ ಮೇಲೆ ಹೊರಗೆ ಬಂದು ಬೆಂಚಿನ ಮೇಲೆ ಕೂರಿಸಿ, ತಾವೇ ಗ್ಲಾಸಿನಲ್ಲಿ ಮದ್ದು ಕುಡಿಸಿದರು. ಮದುವೆಯಾಗಿದೆ, ಚಿಕ್ಕಮಗಳೂರಿನ ಕಡೆಯವಳು, ಒಂದು ಗಂಡು ಮಗು ಎಂದು ಕೇಳದಿದ್ದರೂ ಹೇಳಿದರು. ಅತ್ತೆ ಮದ್ದಿನ ಕಹಿಗೆ ಮುಖ ಕಿವುಚಿಕೊಂಡು, ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು.

"ಒಂದು ಭಾನುವಾರನಾದ್ರೂ ಬರಬಹುದಿತ್ತು ನೀವು" ಎಂದಳು.

ಅವರು ಗ್ಲಾಸನ್ನು ಹಿಡಿದುಕೊಂಡೇ ನಿಂತರು. "ನೀವು ಆಮೆನ್ ಅಂದ್ರಲ್ಲ" ಎಂದರು. "ದೇವರ ಎದುರಿಗೆ ಅಂದ ಮಾತು. ಅದನ್ನ ನಾನು ಹ್ಯಾಗೆ ಮೀರ್ಲಿ?"

"ಮಗುವಿಗೆ ಜ್ವರ ಏರಿತ್ತು" ಎಂದಳು ಅತ್ತೆ. "ಇವಳಿಗೆ. ಬೆಂಕಿ ಹಾಗೆ ಸುಡ್ತಿತ್ತು. ನಾನು ಹೇಳದೆ ಇದ್ದಿದ್ರೆ ಅಣ್ಣ ಏಳೋಕೆ ಬಿಡ್ತಿದ್ನಾ? ನೀವು ಅಲ್ಲೇ ಇದ್ರಲ್ಲ… ನೋಡ್ಲಿಲ್ವಾ?"

ಅವರು ನನ್ನ ಕಡೆ ತಿರುಗಿ ಬಹಳ ಹೊತ್ತು ನೋಡಿದರು. ಎಷ್ಟೋ ಸಲ ನನ್ನ ನಾಡಿ ಹಿಡಿದು ನೋಡಿದ ಮನುಷ್ಯ.

"ನಾನು ಕಣ್ಣು ಮುಚ್ಚಿದ್ದೆ" ಎಂದರು.

ದೇವರ ಎದುರಿಗೆ ಇಂಥ ಹೆಣ್ಣು ಸುಳ್ಳಾಡುವುದಿಲ್ಲ ಎಂದು ಅವರು ನಂಬಿದರು. ಇಂಥ ಆಮೆನ್ ಯಾಕೆ ಬಂತೆಂದು ಅವರಿಗೆ ತಿಳಿಯದೆ ಇರುವುದಿಲ್ಲ ಎಂದು ಅವಳು ನಂಬಿದಳು. ಇಬ್ಬರ ಭಕ್ತಿಯೂ ಎಷ್ಟು ಗಟ್ಟಿ ಎಂಬುದು ಅಪ್ಪನಿಗೆ ಮಾತ್ರ ಸರಿಯಾಗಿ ಗೊತ್ತಿತ್ತು. ಭಕ್ತಿಯಿಲ್ಲದ ಯಾರೇ ಆಗಿದ್ದರೂ ಮಾರನೆಯ ದಿನವೇ ಬಾವಿಕಟ್ಟೆಯ ಹತ್ತಿರ ಬಂದು, ಅದೇನು ಹಾಗಂದೆ ಎಂದು ಕೇಳಿಬಿಡುತ್ತಿದ್ದರು.

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ, "ಕಂಪೌಂಡರು ಚೆನ್ನಾಗಿದ್ದಾರಾ?" ಎಂದು ಕೇಳಿದ. "ಚೆನ್ನಾಗಿದ್ದಾರೆ" ಎಂದಳು ಅತ್ತೆ. ಅವತ್ತು ಸಂಜೆಯ ಪ್ರಾರ್ಥನೆಯಲ್ಲಿ ಅಪ್ಪ ಕಂಪೌಂಡರ ಹೆಂಡತಿಗಾಗಿಯೂ ಗಂಡು ಮಗುವಿಗಾಗಿಯೂ ದೇವರಿಗೆ ಸ್ತೋತ್ರ ಹೇಳಿದ. ಆಸ್ಪತ್ರೆಯ ಜಗಲಿಯಲ್ಲಿ ಕೂತೇ ಎಲ್ಲ ವಿಚಾರಿಸಿಕೊಂಡಿದ್ದ. ಅತ್ತೆ ತನ್ನ ಸರದಿಗೆ ಕಾಯದೆ, ಅಮ್ಮನಿಗಿಂತ ಮೊದಲೇ, ಆಮೆನ್ ಎಂದಳು. ಆ ದಿನದಿಂದ ಜಗಲಿಗೆ ಬರುವುದನ್ನೂ ಬಿಟ್ಟಳು.

ಮುಂದಿನ ಬೇಸಿಗೆಯಲ್ಲಿ ಅವಳು ಹೋದಳು. ಅಯ್ಯನವರಿಗೆ ಸುದ್ದಿ ಮುಟ್ಟುವುದರೊಳಗೆ ಮಣ್ಣು ಮಾಡಬೇಕಾಯಿತು, ಕೊನೆಯ ಪ್ರಾರ್ಥನೆಯನ್ನೂ ಅಪ್ಪನೇ ಮಾಡಿದ. ಗುಂಡಿಯ ಅಂಚಿನಲ್ಲಿ ನಿಂತು, "ತನ್ನ ಇಚ್ಛೆಯನ್ನು ತಾನಾಗಿಯೇ ಬಿಟ್ಟುಕೊಟ್ಟ ನಿನ್ನ ಮಗಳಿಗಾಗಿ ಸ್ತೋತ್ರ" ಎಂದ. ಅಳುತ್ತಿದ್ದ, ಕಣ್ಣೀರು ನಿಜವಾದದ್ದೇ. ಅದನ್ನು ನನಗೆ ಇವತ್ತಿಗೂ ತಡೆದುಕೊಳ್ಳಲಾಗುವುದಿಲ್ಲ. ಅವನು ನಾಟಕ ಮಾಡಿದ್ದರೆ ಎಷ್ಟೋ ವಾಸಿಯಿತ್ತು. ತಾನು ಒಂದು ಆತ್ಮವನ್ನು ಉಳಿಸಿದೆ ಎಂದೇ ಅವನು ಸಾಯುವ ತನಕ ನಂಬಿದ್ದ. ಗುಂಡಿಯ ಸುತ್ತ ಒಬ್ಬೊಬ್ಬರೂ ಆಮೆನ್ ಹೇಳಿದೆವು. ಅಮ್ಮನ ನಂತರ ಒಂದು ಜಾಗ ಖಾಲಿಯಿತ್ತು. ಅಪ್ಪ ಅಭ್ಯಾಸಬಲದಿಂದ ಅಲ್ಲಿ ಒಂದು ಗಳಿಗೆ ಕಾದ.

ಅಪ್ಪ ಬಹಳ ವರ್ಷ ಬದುಕಿದ, ನಿದ್ದೆಯಲ್ಲೇ ಹೋದ. ಅವನ ಮಣ್ಣಿಗೆ ಬಂದ ಜನ ಎಷ್ಟು! ಎಂಥ ದೈವಭಕ್ತ, ಎಂಥ ಶಾಂತ ಮನುಷ್ಯ ಎಂದರು. ನಾನು ತಲೆಯಾಡಿಸಿದೆ. ದೇವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ, ಅವನ ಕಿವಿಗೆ ಬಿದ್ದದ್ದಕ್ಕೆಲ್ಲ ಅವನು ಹೊಣೆಯಲ್ಲ. ಅಪ್ಪನ ಮೇಲಿನ ಸಿಟ್ಟು ಮಾತ್ರ ಈ ವಯಸ್ಸಿನಲ್ಲೂ ಇಳಿದಿಲ್ಲ.

ಈಗ ಮಗನ ಮನೆಯಲ್ಲಿ ಪ್ರಾರ್ಥನೆ ಊಟಕ್ಕೆ ಮೊದಲು, ಕುರ್ಚಿಯಲ್ಲಿ ಕೂತೇ, ಎರಡು ಮಾತಿನಲ್ಲಿ ಮುಗಿಯುತ್ತದೆ. ಮೊಮ್ಮಗಳು ಪರೀಕ್ಷೆಗಾಗಿ ಬೇಡಿಕೊಳ್ಳುತ್ತಾಳೆ, ಎಲ್ಲರೂ ಒಟ್ಟಿಗೆ ಆಮೆನ್ ಎಂದು ತಟ್ಟೆ ಎಳೆದುಕೊಳ್ಳುತ್ತಾರೆ. ಮೊನ್ನೆ ರಾತ್ರಿ ನಾನು ಅತ್ತೆಯನ್ನು ನೆನಪು ಮಾಡಿಕೊಳ್ಳಲು ನೋಡಿದೆ. ಒಂದು ಫೋಟೋ ಕೂಡ ಇಲ್ಲ ಅವಳದು. ಕತ್ತಿನ ಮೇಲಿಟ್ಟ ಕೈ ನೆನಪಿದೆ, ಹಳದಿಯಾದ ಕಣ್ಣು ನೆನಪಿದೆ. ಮುಖ ಬರಲಿಲ್ಲ. ಅಡಿಗೆಮನೆಯಲ್ಲಿ ನಗಿಸುತ್ತಿದ್ದಳಲ್ಲ, ಆ ದನಿಯಾದರೂ ಬಂದೀತೇ ಎಂದು ಕಾದೆ. ಅದೂ ಬರಲಿಲ್ಲ… ಅಪ್ಪನ ಪ್ರಾರ್ಥನೆಯನ್ನು ಮಾತ್ರ ಈಗ ಕೇಳಿದರೂ ಮೊದಲಿನಿಂದ ಕೊನೆಯ ತನಕ, ಒಂದಕ್ಷರ ಬಿಡದೆ, ಅವನದೇ ದನಿಯಲ್ಲಿ ಹೇಳಬಲ್ಲೆ.